ಬಸಿರಿನಲ್ಲೇ ಕೇಳಿದ ಮಾತು

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ಅಲ್ಲಿ ಹುಟ್ಟುವ ಕೂಸು ಎರಡರ ಲಯವನ್ನೂ ಬಸಿರಿನಲ್ಲೇ ಕೇಳಿರುತ್ತದೆ. ಕೊನೆಯ ಮೂರು ತಿಂಗಳಲ್ಲಿ ಅದರ ಕಿವಿ ಆಗಲೇ ಎಚ್ಚರ.

ಹುಟ್ಟಿದ ಮೂರು ದಿನದೊಳಗೇ ಶಿಶು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನು ಬಯಸುತ್ತದೆಂದು 1980ರಲ್ಲಿ ಸಂಶೋಧಕರಾದ ಡಿಕ್ಯಾಸ್ಪರ್ ಮತ್ತು ಫೈಫರ್ ತೋರಿಸಿದರು. ನಿಪ್ಪಲ್ ಚೀಪುವ ಗತಿ ಬದಲಿಸಿ ಮಕ್ಕಳು ಅಮ್ಮನ ದನಿಯನ್ನೇ ಆರಿಸಿಕೊಂಡಿದ್ದವು!

ಕಣ್ಣಿಗೆ ಮಾತ್ರ ಇನ್ನೂ ಮಸುಕು. 20ರಿಂದ 30 ಸೆಂಟಿಮೀಟರ್ ದೂರದ್ದಷ್ಟೇ ತಕ್ಕಮಟ್ಟಿಗೆ ಕಾಣುತ್ತದೆ; ಹಾಲೂಡುವ ತಾಯಿಯ ಮುಖ ಇರುವುದೂ ಅಷ್ಟೇ ದೂರದಲ್ಲಿ. ಮೂಗು ಅವಳ ಹಾಲಿನ ವಾಸನೆ ಹಿಡಿಯುತ್ತದೆ, ಚರ್ಮ ಅವಳ ಬಿಸುಪನ್ನು.

ಹಾಗಾಗಿ, ಅರ್ಥವಾಗದೆಂದು ಸುಮ್ಮನಿರಬೇಡಿ. ಟಿವಿ ಸದ್ದು ತಗ್ಗಿಸಿ, ಕೂಸನ್ನು ಹತ್ತಿರ ಹಿಡಿದು, ನಿಮ್ಮ ಮನೆಮಾತಿನಲ್ಲೇ ಮಾತಾಡಿಸಿ.