ಗ್ರಹಣದ ರಾತ್ರಿ ಮುಚ್ಚಿದ ಕಿಟಕಿಗಳು

(ಪಟ್ಟಣವೊಂದರ ಯುವಕ ಯುವತಿಯರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)





ಚಂದ್ರ ಗ್ರಹಣವನ್ನು ನೋಡಬಹುದೇ, ಅದರ ಚಿತ್ರ ತೆಗೆಯಬಹುದೇ ಎಂಬ ವಿಷಯದ ಕುರಿತು ಮಾತನಾಡಬೇಕೆಂದು ಈ ಕೂಟದ ಗೆಳೆಯರು ನಮ್ಮನ್ನು ಕೇಳಿಕೊಂಡಿದ್ದಾರೆ. ಉತ್ತರ ಚಿಕ್ಕದು. ಚಂದ್ರ ಗ್ರಹಣವನ್ನು ಬರಿಗಣ್ಣಿನಿಂದ ಎಷ್ಟು ಹೊತ್ತಾದರೂ ನೋಡಬಹುದು. ಸೂರ್ಯ ಗ್ರಹಣದಲ್ಲಿ ಕಣ್ಣಿಗಿರುವ ಅಪಾಯ ಇಲ್ಲಿಲ್ಲ. ಇಲ್ಲಿ ನಾವು ನೋಡುವುದು ಮಂಕಾದ ಹುಣ್ಣಿಮೆಯನ್ನು ಮಾತ್ರ. ಚಿತ್ರದ ವಿಷಯದಲ್ಲೂ ತಕರಾರಿಲ್ಲ. ಛಾಯಾಚಿತ್ರದ ಬಗ್ಗೆ ನಮ್ಮ ವಿದ್ವಾಂಸರ ನಡುವೆ ನಡೆದಿರುವ ದೀರ್ಘ ಚರ್ಚೆಯೆಲ್ಲ ಜೀವಿಗಳ ಚಿತ್ರಕ್ಕೆ ಸಂಬಂಧಿಸಿದ್ದು. ಚಂದ್ರನಿಗೆ ಜೀವವಿಲ್ಲ. ಆದ್ದರಿಂದ ಅತ್ಯಂತ ಕಟ್ಟುನಿಟ್ಟಿನ ಉಸ್ತಾದರೂ ಈ ಒಂದು ಚಿತ್ರಕ್ಕೆ ಆಕ್ಷೇಪವೆತ್ತಲಾರರು.

ಆದರೆ ನಮ್ಮ ಮನೆಗಳಲ್ಲಿ ಗ್ರಹಣದ ನಿಜವಾದ ಸಮಸ್ಯೆ ಇರುವುದು ಮಾಳಿಗೆಯ ಮೇಲಲ್ಲ, ಕೆಳಗಿನ ಕೋಣೆಯಲ್ಲಿ.

2025ರ ಸೆಪ್ಟೆಂಬರ್ 7ರ ರಾತ್ರಿಯನ್ನು ನೆನಪಿಸಿಕೊಳ್ಳಿ. ಅಂದು ಭಾರತದಾದ್ಯಂತ ಪೂರ್ಣ ಚಂದ್ರ ಗ್ರಹಣವಿತ್ತು. ಹತ್ತು ಗಂಟೆಗೆ ಮೂರು ನಿಮಿಷ ಇರುವಾಗ ಭೂಮಿಯ ದಟ್ಟ ನೆರಳು ಚಂದ್ರನ ಅಂಚನ್ನು ಮುಟ್ಟಿತು. ಹನ್ನೊಂದರ ಸುಮಾರಿಗೆ ಚಂದ್ರ ಪೂರ್ತಿಯಾಗಿ ನೆರಳಿನೊಳಗೆ ಸೇರಿ, 82 ನಿಮಿಷಗಳ ಕಾಲ ತಾಮ್ರವರ್ಣದಲ್ಲಿ ನಿಂತಿತು. ಭೂಮಿಯ ವಾಯುಮಂಡಲವನ್ನು ಹಾದು ಬಾಗಿದ ಸೂರ್ಯನ ಕೆಂಬೆಳಕು ಚಂದ್ರನ ಮೇಲೆ ಬೀಳುವುದರಿಂದ ಆ ಬಣ್ಣ. ಇಂತಹ ರಾತ್ರಿಗಳಲ್ಲಿ ಮಗ ಮಾಳಿಗೆಯಲ್ಲಿ ನಿಂತು ಮೊಬೈಲ್ ಹಿಡಿದಿರುತ್ತಾನೆ. ಅದೇ ಮನೆಯ ಗರ್ಭಿಣಿ ಸೊಸೆ ಕಿಟಕಿ ಮುಚ್ಚಿದ ಕೋಣೆಯಲ್ಲಿರುತ್ತಾಳೆ. ಅನ್ನ ಮುಟ್ಟಬಾರದು, ನೀರು ಕುಡಿಯಬಾರದು, ಚಾಕು ಹಿಡಿಯಬಾರದು. ಹಿಡಿದರೆ ಮಗುವಿನ ತುಟಿ ಸೀಳುತ್ತದೆ! ಹೇಳುವವರು ಯಾರು? ಐದು ಹೊತ್ತು ನಮಾಝ್ ಮಾಡುವ ಅಜ್ಜಿಯೇ. ಅವರನ್ನು ಹೀಗಳೆಯಬೇಕಾಗಿಲ್ಲ. ಅವರ ಅಜ್ಜಿ ಹೇಳಿದ್ದನ್ನು ಪ್ರೀತಿಯಿಂದಲೇ ದಾಟಿಸಿದ್ದಾರೆ. ಆದರೆ ಇದಕ್ಕೆ ದೀನಿನಲ್ಲಿ ಆಧಾರವಿದೆಯೇ?

ಪ್ರವಾದಿವರ್ಯರ(ಸ) ಎಳೆಯ ಪುತ್ರ ಇಬ್ರಾಹೀಮ್ ತೀರಿಕೊಂಡ ದಿನ ಮದೀನಾದಲ್ಲಿ ಸೂರ್ಯ ಗ್ರಹಣವಾಯಿತು. ಕ್ರಿ.ಶ. 632ರ ಜನವರಿ 27ರ ಗ್ರಹಣವೇ ಅದೆಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಮಗುವಿನ ಸಾವಿಗಾಗಿಯೇ ಸೂರ್ಯ ಕಪ್ಪಾಯಿತೆಂದು ಜನರು ಮಾತಾಡಿಕೊಂಡರು. ಮಗನನ್ನು ಮಣ್ಣಿಗಿಟ್ಟ ತಂದೆ ಅಂದು ಸುಮ್ಮನಿದ್ದರೂ ಸಾಕಿತ್ತು, ಆ ಮಾತು ಪವಾಡವಾಗಿ ಬೆಳೆಯುತ್ತಿತ್ತು. ಇಂದಿನ ರಾಜಕಾರಣಿಯಾಗಿದ್ದರೆ ಭಿತ್ತಿಪತ್ರವನ್ನೇ ಅಚ್ಚು ಹಾಕಿಸುತ್ತಿದ್ದನು. ಪ್ರವಾದಿಯವರು(ಸ) ಸುಮ್ಮನಿರಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದೂ ಯಾರ ಹುಟ್ಟಿಗಾಗಿಯೂ ಸಾವಿಗಾಗಿಯೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದೂ ದುಃಖದ ನಡುವೆಯೇ ಜನರಿಗೆ ತಿಳಿಸಿದರು. ಗ್ರಹಣವನ್ನು ಕಂಡಾಗ ನಮಾಝ್ ಮಾಡಿರಿ, ಪ್ರಾರ್ಥಿಸಿರಿ, ದಾನ ನೀಡಿರಿ ಎಂದರು.

ಈ ಬೋಧನೆಯ ತೂಕ ನಮಗೆ ಅರಿವಾಗಬೇಕಾದರೆ 1992ಕ್ಕೆ ಹೋಗಬೇಕು. ಡಿಸೆಂಬರ್ 6ರಂದು ಬಾಬರಿ ಮಸೀದಿಯನ್ನು ಕೆಡವಲಾಯಿತು. ದೇಶದ ಹಲವು ನಗರಗಳಲ್ಲಿ ಕರ್ಫ್ಯೂ ಇತ್ತು, ಶವಗಳು ಬೀಳುತ್ತಿದ್ದವು. ನಾಲ್ಕು ದಿನಗಳ ಬಳಿಕ, ಡಿಸೆಂಬರ್ 10ರ ಮುಂಜಾನೆ, ಭಾರತದ ಆಕಾಶದಲ್ಲಿ ಪೂರ್ಣ ಚಂದ್ರ ಗ್ರಹಣ. ಅದು ಸಾಮಾನ್ಯ ಗ್ರಹಣವಾಗಿರಲಿಲ್ಲ, ಎಂದಿನ ತಾಮ್ರದ ಬಣ್ಣವೂ ಉಳಿಯದಷ್ಟು ಕಪ್ಪಾಗಿತ್ತು. ಕರ್ಫ್ಯೂವಿನ ಬೀದಿಯಲ್ಲಿ ಮನೆ ಕಳೆದುಕೊಂಡವನಿಗೆ ಆಕಾಶವೇ ಶೋಕಾಚರಣೆ ಮಾಡುತ್ತಿದೆಯೆಂದು ತೋರಿದ್ದರೆ ಅಚ್ಚರಿಯಿಲ್ಲ. ಆದರೆ ಕಾರಣ ಅಯೋಧ್ಯೆಯಲ್ಲಿರಲಿಲ್ಲ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು ವಾಯುಮಂಡಲದ ಎತ್ತರದಲ್ಲಿ ಹರಡಿದ ಕಣಗಳು ಆ ಕೆಂಬೆಳಕನ್ನು ತಡೆದಿದ್ದವು. ಮಸೀದಿ ಕೆಡವಿದ್ದು ಮನುಷ್ಯರು. ಅದರ ಲೆಕ್ಕ ಕೇಳಬೇಕಾದುದೂ ಮನುಷ್ಯರಿಂದ, ನ್ಯಾಯಾಲಯದಲ್ಲಿ, ಮತಗಟ್ಟೆಯಲ್ಲಿ. ಚಂದ್ರನ ಮೇಲೆ ಆ ಭಾರ ಹೊರಿಸಲು ನಮಗೆ ಅನುಮತಿಯಿಲ್ಲ. ಸ್ವಂತ ಪ್ರವಾದಿಯ ಮಗನಿಗಾಗಿ ಕಪ್ಪಾಗದ ಆಕಾಶ ಯಾರದೋ ಸೊಸೆ ಈರುಳ್ಳಿ ಹೆಚ್ಚಿದಳೆಂದು ಮಗುವಿನ ತುಟಿ ಸೀಳೀತೇ?

ಸೀಳು ತುಟಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗರ್ಭದಲ್ಲಿ ಮಗುವಿನ ತುಟಿ ಕೂಡಿಕೊಳ್ಳುವುದು ನಾಲ್ಕರಿಂದ ಏಳನೆಯ ವಾರದೊಳಗೆ, ಅಂಗುಳ ಕೂಡುವುದು ಆರರಿಂದ ಒಂಬತ್ತನೆಯ ವಾರದೊಳಗೆ. ಅಂದರೆ ಅನೇಕ ವೇಳೆ ತಾಯಿಗೆ ತಾನು ಗರ್ಭಿಣಿಯೆಂಬುದು ಖಚಿತವಾಗುವ ಹೊತ್ತಿಗೇ ತುಟಿಯ ಕೆಲಸ ಮುಗಿಯುತ್ತ ಬಂದಿರುತ್ತದೆ. ಏಳು ತಿಂಗಳ ಗರ್ಭಿಣಿಯನ್ನು ಕತ್ತಲ ಕೋಣೆಯಲ್ಲಿ ಕೂರಿಸಿ ಯಾವ ತುಟಿಯನ್ನು ಕಾಪಾಡಿದಂತಾಯಿತು? ವಂಶವಾಹಿ, ತಾಯಿಯ ಧೂಮಪಾನ, ಮಧುಮೇಹ, ಕೆಲವು ಔಷಧಿಗಳು, ಇವು ವೈದ್ಯರು ಗುರುತಿಸಿರುವ ಕಾರಣಗಳು. ಗರ್ಭ ಧರಿಸುವ ಮೊದಲೇ ಫೋಲಿಕ್ ಆಮ್ಲದ ಮಾತ್ರೆ ಸೇವಿಸಲು ವೈದ್ಯರು ಹೇಳುತ್ತಾರೆ, ಅದನ್ನು ನಾವು ಮರೆಯುತ್ತೇವೆ. ಕಿಟಕಿ ಮುಚ್ಚಲು ಮರೆಯುವುದಿಲ್ಲ. ಸಕ್ಕರೆ ಕಾಯಿಲೆಯಿರುವ ಗರ್ಭಿಣಿಗೆ ಗಂಟೆಗಟ್ಟಲೆ ಅನ್ನ ನೀರು ನಿಲ್ಲಿಸುವುದು ನಿಜವಾಗಿಯೂ ಅಪಾಯಕರ.

ಇದಕ್ಕಿಂತ ಕ್ರೂರವಾದುದು ಮುಂದಿನ ಮಾತು. ಸೀಳು ತುಟಿಯ ಮಗು ಹುಟ್ಟಿದರೆ, ಗ್ರಹಣದ ದಿನ ನೀನು ಹೊರಗೆ ಹೋಗಿದ್ದೆಯಾ ಎಂದು ಬಾಣಂತಿಯನ್ನು ವಿಚಾರಿಸುತ್ತಾರೆ. ಆಕೆ ಜೀವನವಿಡೀ ತನ್ನನ್ನೇ ಅಪರಾಧಿಯೆಂದು ಭಾವಿಸುತ್ತಾಳೆ. ಇದು ಸುಳ್ಳು ಆರೋಪವಲ್ಲದೆ ಮತ್ತೇನು? ಸೀಳು ತುಟಿಗೆ ಶಸ್ತ್ರಚಿಕಿತ್ಸೆಯಿದೆ. ನಮ್ಮ ರಾಜ್ಯದಲ್ಲೂ ಉಚಿತವಾಗಿ ಮಾಡುವ ಆಸ್ಪತ್ರೆಗಳಿವೆ. ತುಟಿಯದನ್ನು ಮಗುವಿನ ಮೊದಲ ವರ್ಷದಲ್ಲೇ ಮಾಡಿಸುವುದು ಒಳ್ಳೆಯದು. ಮಗುವನ್ನು ಬಟ್ಟೆಯಲ್ಲಿ ಮುಚ್ಚಿಡುವ ಬದಲು ವೈದ್ಯರ ಬಳಿಗೆ ಒಯ್ಯಿರಿ.

ಪ್ರವಾದಿವರ್ಯರ(ಸ) ಕಾಲದ ಸ್ತ್ರೀಯರು ಗ್ರಹಣದ ದಿನ ಎಲ್ಲಿದ್ದರು? ಬುಖಾರಿಯಲ್ಲಿ ಹ. ಅಸ್ಮಾ(ರ)ರ ವರದಿಯಿದೆ. ಅವರು ಬಂದು ನೋಡಿದಾಗ ಜನರು ಗ್ರಹಣದ ನಮಾಝ್‌ನಲ್ಲಿದ್ದರು, ಹ. ಆಯಿಶಾ(ರ)ರೂ ನಮಾಝ್‌ಗೆ ನಿಂತಿದ್ದರು. ಏನಾಯಿತೆಂದು ಕೇಳಿದಾಗ ಹ. ಆಯಿಶಾ(ರ) ಆಕಾಶದತ್ತ ಕೈ ತೋರಿಸಿದರು. ಹ. ಅಸ್ಮಾ(ರ) ಕೂಡ ನಿಂತರು, ದೀರ್ಘ ನಮಾಝ್‌ನಿಂದ ತಲೆಸುತ್ತು ಬರುವಷ್ಟು ಹೊತ್ತು. ಅವರು ಕೋಣೆಯೊಳಗೆ ಅಡಗಿರಲಿಲ್ಲ. ಚಂದ್ರ ಗ್ರಹಣದ ನಮಾಝ್ ಶಾಫಿಈ ಮದ್‌ಹಬ್‌ನಲ್ಲಿ ಸಾಮೂಹಿಕ, ಹನಫಿಗಳಲ್ಲಿ ಒಬ್ಬೊಬ್ಬರಾಗಿ. ಅದು ಜಗಳದ ವಿಷಯವಲ್ಲ. ನಮಾಝ್ ಮಾಡಿದರೆ ಗ್ರಹಣ ನೋಡಲು ಸಮಯವೆಲ್ಲಿ ಎಂದು ಕೆಲವರು ಕೇಳುತ್ತಾರೆ. ಸೆಪ್ಟೆಂಬರ್‌ನ ಆ ಗ್ರಹಣ ಆರಂಭದಿಂದ ಕೊನೆಯವರೆಗೆ ಸುಮಾರು ಮೂರೂವರೆ ಗಂಟೆ ನಡೆಯಿತು. ಎರಡಕ್ಕೂ ಸಮಯವಿತ್ತು, ನಡುವೆ ಒಂದು ಲೋಟ ಚಹಾಕ್ಕೂ.

ನಮ್ಮ ಪೂರ್ವಜರು ಗ್ರಹಣವನ್ನು ನೋಡಿ ಸುಮ್ಮನಾಗಲಿಲ್ಲ, ಅಳೆದರು. ಕ್ರಿ.ಶ. 997ರಲ್ಲಿ ಇಪ್ಪತ್ತಮೂರರ ಹರೆಯದ ಅಲ್ ಬಿರೂನಿ ಖ್ವಾರಿಝ್ಮ್‌ನ ಕಾಸ್ ನಗರದಲ್ಲಿಯೂ ಅಬುಲ್ ವಫಾ ಬಗ್ದಾದ್‌ನಲ್ಲಿಯೂ ಒಂದೇ ಚಂದ್ರ ಗ್ರಹಣವನ್ನು ವೀಕ್ಷಿಸಿದರು. ಮೊದಲೇ ಮಾಡಿಕೊಂಡ ಒಪ್ಪಂದವದು. ಎರಡೂ ಊರುಗಳ ವೇಳೆಗಿರುವ ವ್ಯತ್ಯಾಸ ಸುಮಾರು ಒಂದು ಗಂಟೆಯೆಂದು ಕಂಡು, ಅದರಿಂದ ಅವುಗಳ ರೇಖಾಂಶಗಳ ಅಂತರವನ್ನು ಲೆಕ್ಕ ಹಾಕಿದರು. ಅದೇ ಬಿರೂನಿ ಮುಂದೆ ಭಾರತದ ಕುರಿತ ಗ್ರಂಥದಲ್ಲಿ ಬ್ರಹ್ಮಗುಪ್ತನನ್ನು ಟೀಕಿಸಿದರು. ಗ್ರಹಣವು ನೆರಳಿನಿಂದಾಗುತ್ತದೆಂಬ ಗಣಿತ ಬಲ್ಲವನಾಗಿಯೂ ಆತ ರಾಹುವಿನ ಕಥೆಯ ಪರ ನಿಂತನೆಂಬುದು ಅವರ ಆಕ್ಷೇಪ. ಇದನ್ನೋದಿ ನೆರೆಮನೆಯವರನ್ನು ನೋಡಿ ನಗಬೇಡಿ. ನೆರಳಿನ ಸತ್ಯವನ್ನು ಆರ್ಯಭಟನು ಕ್ರಿ.ಶ. 499ರಲ್ಲೇ ಬರೆದಿದ್ದನು. ಎಲ್ಲವನ್ನೂ ಬಲ್ಲ ನಮ್ಮ ಪದವೀಧರ ಮಗ, ಹೆಂಡತಿಯನ್ನು ಕೋಣೆಗೆ ಕಳುಹಿಸುವಾಗ ತುಟಿ ಬಿಚ್ಚದೆ ನಿಲ್ಲುತ್ತಾನಲ್ಲ, ಅವನೂ ಬ್ರಹ್ಮಗುಪ್ತನೇ.

ಇನ್ನೊಂದು ಮಾತು. ಕ್ಯಾಮರಾ ಎಂಬ ಪದವು ಅರಬಿಯ ಖಮರ್‌ನಿಂದ ಬಂದಿದೆಯೆಂದು ನಮ್ಮ ಸಭೆಗಳಲ್ಲಿ ಆಗಾಗ ಹೇಳುವುದುಂಟು. ಅದು ಸರಿಯಲ್ಲ, ಕೋಣೆ ಎಂಬರ್ಥದ ಲ್ಯಾಟಿನ್ ಪದವದು. ಇಬ್ನುಲ್ ಹೈಸಮ್‌ರು ಸಣ್ಣ ರಂಧ್ರದ ಮೂಲಕ ಮೂಡುವ ಗ್ರಹಣದ ಬಿಂಬವನ್ನು ಕುರಿತು ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಅದು ಸಾಲದೇ?

ಇನ್ನು ಚಿತ್ರ ತೆಗೆಯುವವರಿಗೆ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಟ್ರೈಪಾಡ್‌ಗೋ ಗೋಡೆಗೋ ಒರಗಿಸಿ, ಟೈಮರ್ ಇಡಿ. ಬೆರಳಿನ ಒತ್ತಿಗೇ ಚಿತ್ರ ಅಲುಗುತ್ತದೆ. ಗ್ರಹಣಕ್ಕೆ ಮುಂಚಿನ ಚಂದ್ರ ಬಹಳ ಪ್ರಕಾಶಮಾನ, ಸೆಕೆಂಡಿನ ನೂರನೇ ಒಂದು ಪಾಲು ಸಾಕು. ಪೂರ್ಣ ಗ್ರಹಣದಲ್ಲಿ ಐಎಸ್‌ಒ ಹೆಚ್ಚಿಸಿದರೂ ಒಂದು ಸೆಕೆಂಡಿನಷ್ಟು ಬೇಕಾದೀತು. ಅದಕ್ಕಿಂತ ಬಹಳ ಹೆಚ್ಚಾದರೆ ಚಿತ್ರ ಕಲಸುತ್ತದೆ, ಏಕೆಂದರೆ ಭೂಮಿಯ ತಿರುಗುವಿಕೆಯಿಂದ ಚಂದ್ರನು ಎರಡು ನಿಮಿಷಕ್ಕೆ ತನ್ನದೇ ಅಗಲದಷ್ಟು ಸರಿಯುತ್ತಾನೆ. ದುರ್ಬೀನಿನ ಕಣ್ಣಿಗೆ ಮೊಬೈಲ್ ಹಿಡಿದರೂ ಒಳ್ಳೆಯ ಚಿತ್ರ ಸಿಗುತ್ತದೆ. ಬೇರೆಯವರು ಕಳುಹಿಸಿದ ಥಳಕಿನ ಚಿತ್ರಗಳನ್ನು ಮಾತ್ರ ನಿಮ್ಮದೆಂದು ಹಂಚಬೇಡಿ.

2028ರ ಡಿಸೆಂಬರ್ 31ರ ರಾತ್ರಿ ನಮ್ಮ ನಾಡಿನಲ್ಲಿ ಪೂರ್ಣ ಚಂದ್ರ ಗ್ರಹಣ ಕಾಣಲಿದೆ. ಹತ್ತು ಗಂಟೆಯ ಹೊತ್ತಿಗೆ ಚಂದ್ರ ಕೆಂಪಾಗಿರುತ್ತಾನೆ, ಮಳೆಗಾಲವಲ್ಲದ್ದರಿಂದ ಆಕಾಶವೂ ತಿಳಿಯಾಗಿರುವ ಸಂಭವ ಹೆಚ್ಚು. ಅಂದು ಮನೆಯಲ್ಲಿ ಗರ್ಭಿಣಿಯಿದ್ದರೆ ಊಟ ಮುಗಿಸಿ ಆಕೆಯೂ ಮಾಳಿಗೆಗೆ ಬರಲಿ. ಚಳಿಯಿರುತ್ತದೆ, ಒಂದು ಶಾಲು ಮತ್ತು ಒಂದು ಕುರ್ಚಿ ಸಾಕು. ಅಜ್ಜಿಗೂ ಒಂದು ಕುರ್ಚಿ ಹಾಕಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಮೊದಲು ಸಹೋದರಿಯರ ಕಡೆಯಿಂದ ಬರಲಿ.