ಜಕಾತಿ ಮತ್ತು ಝಕಾತ್



ನಮ್ಮ ಹಿರಿಯರಿಗೆ ‘ಜಕಾತಿ’ ಎಂದರೆ ಊರ ಹೊರಗೆ ನಾಕಾದಲ್ಲಿ ಗಾಡಿ ನಿಲ್ಲಿಸಿ ವಸೂಲು ಮಾಡುತ್ತಿದ್ದ ಸುಂಕ. ನಾಕಾ ಹೋದರೂ ಪದ ಉಳಿದಿದೆ. ಅದು ಅರಬಿಯ ‘ಝಕಾತ್’ ಪದವೇ. ಸರ್ಕಾರಿ ದಫ್ತರಗಳಲ್ಲಿ ಸವೆದು ಸುಂಕವಾಯಿತು. ಮೂಲದಲ್ಲಿ ಅದರ ಅರ್ಥ ಶುದ್ಧಿ, ಬೆಳವಣಿಗೆ. ಕಳೆ ತೆಗೆದ ಹೊಲದಲ್ಲಿ ತೊಗರಿ ಹುಲುಸಾಗುವುದನ್ನು ಕಂಡ ಶಹಾಪುರ, ಸುರಪುರದ ರೈತನಿಗೆ ಇದನ್ನು ವಿವರಿಸಬೇಕಿಲ್ಲ.

‘ಸದಖಾ’ ಹುಟ್ಟಿದ್ದು ಸತ್ಯ ಎಂಬರ್ಥದ ಮೂಲದಿಂದ. ‘ಖೈರಾತ್’ ಎಂದರೆ ಒಳ್ಳೆಯ ಕೆಲಸಗಳು. ನೆರೆಯವರ ‘ದಾಸೋಹ’ದಲ್ಲಿ ‘ನಾನು ದಾಸ’ ಎಂಬ ಮಾತಿದೆ. ಇಂಗ್ಲಿಷಿನ ‘ಚಾರಿಟಿ’ಯ ಹಿಂದೆ ಲ್ಯಾಟಿನ್ನಿನ ‘ಕಾರಿತಾಸ್’ ಇದೆ, ಅಂದರೆ ಪ್ರೀತಿ. ಪಡೆಯುವವನು ಕೀಳು ಎಂದು ಇವುಗಳಲ್ಲಿ ಯಾವ ಪದವೂ ಹೇಳುವುದಿಲ್ಲ. ‘ಖೈರಾತಿನ ಮಾಲು’ ಎಂದು ಮೂಗು ಮುರಿಯುವುದನ್ನು ಕಲಿತವರು ನಾವೇ. ಪವಿತ್ರ ಕುರ್‌ಆನ್ ಅದನ್ನು ಬಡವನ ಹಕ್ಕು ಎನ್ನುತ್ತದೆ. ಹಕ್ಕು ಪಡೆಯುವವನು ತಲೆ ತಗ್ಗಿಸಬೇಕೇಕೆ?

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕಡಿಮೆ. ದುಡಿಯಲು ಬೆಂಗಳೂರು, ಮುಂಬೈಗೆ ಹೋಗುವ ತಂದೆತಾಯಿಯ ಹಿಂದೆ ಮಗುವೂ ಹೋದರೆ ಶಾಲೆಯ ಹಾಜರಿಯಲ್ಲಿ ಹೆಸರಷ್ಟೇ ಉಳಿಯುತ್ತದೆ. ನಮ್ಮ ಝಕಾತ್ ಆ ಮಗುವಿನವರೆಗೆ ತಲುಪುತ್ತಿದೆಯೇ?

ಲೆಕ್ಕ ಕಷ್ಟದ್ದಲ್ಲ. ನಿಸಾಬ್, ಅಂದರೆ ಸುಮಾರು 87.48 ಗ್ರಾಂ ಚಿನ್ನ ಅಥವಾ 612.36 ಗ್ರಾಂ ಬೆಳ್ಳಿಯ ಮೌಲ್ಯದಷ್ಟು ಸಂಪತ್ತಿನ ಮೇಲೆ ಚಾಂದ್ರಮಾನ ವರ್ಷ ಕಳೆದರೆ ನಲವತ್ತರಲ್ಲೊಂದು ಭಾಗ. ಬೆಳೆಯದ್ದು ‘ಉಶ್ರ್’: ಮಳೆಯಾಶ್ರಿತಕ್ಕೆ ಹತ್ತರಲ್ಲೊಂದು, ಖರ್ಚು ಮಾಡಿ ನೀರು ಹಾಯಿಸಿದ್ದಕ್ಕೆ ಇಪ್ಪತ್ತರಲ್ಲೊಂದು. ನಾರಾಯಣಪುರ ಎಡದಂಡೆ ಕಾಲುವೆಯ ಬಂಧುಗಳು ತಮ್ಮ ಹೊಲದ ಲೆಕ್ಕವನ್ನು ಆಲಿಮರಲ್ಲಿ ಕೇಳಿಕೊಳ್ಳಲಿ.

ಒಂದು ಸೂಕ್ಷ್ಮ ಮರೆಯಬೇಡಿ. ಹನಫೀ ವಿದ್ವಾಂಸರ ಪ್ರಕಾರ ಝಕಾತ್ ಅರ್ಹ ಬಡವನ ಸ್ವಂತವಾಗಬೇಕು. ಶಾಲೆಯ ಗೋಡೆ, ಛಾವಣಿಗೆ ಅದು ಸಲ್ಲದು. ಅದಕ್ಕೆ ಸದಖಾ ಇದೆ, ವಕ್ಫ್ ಇದೆ. ಬಡ ವಿದ್ಯಾರ್ಥಿಯ ಕೈಗೆ ಕೊಟ್ಟ ಹಣ ಅವನದು. ಫೀಸು, ಪುಸ್ತಕ, ಹಾಸ್ಟೆಲಿಗೆ ಅವನು ಬಳಸುತ್ತಾನೆ.

ಇನ್ನೊಂದು ಮಾತು. ನಾವು ರಮಝಾನಿನಲ್ಲಿ ಐವತ್ತು, ನೂರರ ನೋಟು ಹಂಚಿ ಕೈತೊಳೆಯುತ್ತೇವೆ. ರಮಝಾನ್ ವರ್ಷವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಶಾಲೆ ಮಾತ್ರ ಜೂನ್ ಹೊತ್ತಿಗೇ ಶುರುವಾಗುತ್ತದೆ. ಝಕಾತನ್ನು ಮುಂಗಡವಾಗಿಯೂ ಕೊಡಬಹುದು. ಈ ಬಾರಿ ಪ್ರವೇಶದ ದಿನಗಳಲ್ಲೇ ನಿಮ್ಮ ಓಣಿಯ ಒಂದು ಮಗುವಿನ ಮನೆಗೆ ನೀವೇ ಹೋಗಿ ಕೊಟ್ಟು ಬನ್ನಿ. ಫೋಟೋದವರನ್ನು ಕರೆದೊಯ್ಯಬೇಡಿ.