ವಾರಾನ್ನದಿಂದ ವಿದ್ಯಾರ್ಥಿವೇತನದವರೆಗೆ



ಬಡ ವಿದ್ಯಾರ್ಥಿಯ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು ವಾರಾನ್ನವನ್ನು ನೆನೆಯುತ್ತಾರೆ. ಮೈಸೂರು, ಧಾರವಾಡಗಳಲ್ಲಿ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಉಂಡು ಓದಿದವರು ಎಷ್ಟೋ ಮಂದಿ. ಆ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಬಾಗಿಲುಗಳು ಬಹುಮಟ್ಟಿಗೆ ಜಾತಿ ಕೇಳಿಯೇ ತೆರೆಯುತ್ತಿದ್ದವು. ಯಾವ ಮನೆಯೂ ಒಳಗೆ ಕರೆಯದ ಹುಡುಗನಿಗೆ ಸರ್ಕಾರವಲ್ಲದೆ ಇನ್ನಾರು ಗತಿ?

ಬರೋಡದ ಸಯಾಜಿರಾವ್ ಗಾಯಕವಾಡರ ನೆರವಿನಿಂದ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅಂಬೇಡ್ಕರರು 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದರು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾದದ್ದು ಅದೇ ಅವಧಿಯಲ್ಲಿ, 1944ರಲ್ಲಿ. ರಾಜನೊಬ್ಬನ ಕೃಪೆಯಿಂದ ಒಬ್ಬನಿಗೆ ದೊರೆತದ್ದು ನಿಯಮವಾಗಿ ಅನೇಕರಿಗೆ ದೊರೆಯತೊಡಗಿತು.

ಈಗ ಹೊರನಾಡಿನ ನಮ್ಮ ಸಂಗತಿಗೆ ಬರೋಣ. ರಾಯಚೂರಿನಿಂದ ಬಂದು ಹದಿನೈದು ವರ್ಷದಿಂದ ದೆಹಲಿಯಲ್ಲಿ ವಾಹನ ಓಡಿಸುವ ಪರಿಶಿಷ್ಟ ಜಾತಿಯ ಗೃಹಸ್ಥನೊಬ್ಬನ ಮಗಳು ಇಲ್ಲಿನ ಕಾಲೇಜು ಸೇರಿದಳೆಂದಿಟ್ಟುಕೊಳ್ಳಿ. ಈ ವೇತನ ಕೊಡಬೇಕಾದದ್ದು ಕುಟುಂಬ ಕಾಯಂ ನೆಲೆಸಿರುವ ರಾಜ್ಯ. ವಲಸೆ ಹೋದವನ ಪರಿಶಿಷ್ಟ ಸ್ಥಾನ ಬೇರೆ ರಾಜ್ಯಕ್ಕೆ ತಾನಾಗಿ ಹಿಂಬಾಲಿಸಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು. ಜಾತಿಯ ಪ್ರಮಾಣಪತ್ರ ಅಲ್ಲಿಯದು, ದುಡಿಮೆ ಇಲ್ಲಿಯದು, ಕಾಲೇಜೂ ಇಲ್ಲಿಯದು. ಅರ್ಜಿ ಯಾವ ಕಚೇರಿಗೆ ಎಂಬುದೇ ಆ ತಂದೆಗೆ ತಿಳಿಯದು. ಕಡತಗಳ ನಡುವೆಯೇ ಆಯುಷ್ಯ ಕಳೆದ ನನಗೇ ಈ ನಿಯಮಗಳನ್ನು ಎರಡು ಸಲ ಓದಬೇಕಾಗುತ್ತದೆ.

ಆದಾಯದ ಮಿತಿಯನ್ನು ನೋಡಿ. 2021ರ ಮಾರ್ಗಸೂಚಿಯಲ್ಲೂ ಅದು ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ. ದೆಹಲಿ ಸರ್ಕಾರ 2024ರ ಅಕ್ಟೋಬರಿನಿಂದ ಕುಶಲ ಕಾರ್ಮಿಕನಿಗೆ ಗೊತ್ತುಮಾಡಿದ ಕನಿಷ್ಠ ವೇತನ ತಿಂಗಳಿಗೆ 21,917 ರೂಪಾಯಿ, ವರ್ಷಕ್ಕೆ 2,63,004. ಕಾಯಿದೆ ಹೇಳಿದಷ್ಟೇ ಕೂಲಿ ಪಡೆದವನೂ ಮಿತಿ ಮೀರಿದ! ಒಂದು ಇಲಾಖೆಯ ಕನಿಷ್ಠ ಇನ್ನೊಂದು ಇಲಾಖೆಗೆ ಸ್ಥಿತಿವಂತಿಕೆ. ಮಿತಿಯನ್ನು ಕನಿಷ್ಠ ವೇತನಕ್ಕೆ ಜೋಡಿಸಬೇಕೆಂಬುದು ನನ್ನ ಸ್ವಂತ ಅಭಿಪ್ರಾಯ; ಇಲಾಖೆಯದಲ್ಲ.

ಇನ್ನು ಹಣ ಕೈಸೇರುವ ಬಗೆ. 2021ರ ವ್ಯವಸ್ಥೆಯಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ್ದು 40. ರಾಜ್ಯ ತನ್ನ ಪಾಲು ಬಿಡುಗಡೆ ಮಾಡಿದ ಮೇಲೆಯೇ ಕೇಂದ್ರದ್ದು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ನೇರ ಸೇರುತ್ತದೆ. ಮಧ್ಯವರ್ತಿ ತಪ್ಪಿದ್ದು ಒಳ್ಳೆಯದೇ. ಆದರೆ ನಲವತ್ತು ಹೊರಡದೆ ಅರವತ್ತು ಹೊರಡದು; ಹಾಸ್ಟೆಲಿನ ಊಟದ ಹಣವನ್ನೋ ತಿಂಗಳು ತಿಂಗಳೂ ಕಟ್ಟಲೇಬೇಕು. ವಾರಾನ್ನದ ಗೃಹಿಣಿ ಸೋಮವಾರದ ಊಟವನ್ನು ಸೋಮವಾರವೇ ಬಡಿಸುತ್ತಿದ್ದಳು. 

ಕರ್ನಾಟಕ ಸರ್ಕಾರಕ್ಕೂ ಕೇಂದ್ರಕ್ಕೂ ಸಂಘವು ಮನವಿ ಸಲ್ಲಿಸಲಿ. ಹೊರನಾಡಿನ ಅರ್ಜಿಗಳಿಗೆ ದೆಹಲಿಯ ಕರ್ನಾಟಕ ಭವನದಲ್ಲಿ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿರೆಂದು ಕೇಳಲಿ. ಅಷ್ಟರವರೆಗೆ, ಪ್ರವೇಶದ ತಿಂಗಳುಗಳಲ್ಲಿ ಪ್ರತಿ ಶನಿವಾರ ಸಂಘದ ವಾಚನಾಲಯದಲ್ಲಿ ಒಂದು ಮೇಜು ಹಾಕಿಸಿಕೊಟ್ಟರೆ ಅರ್ಜಿ ಬರೆದುಕೊಡಲು ನಾನು ಕೂರುತ್ತೇನೆ. ಹಿಂದಿ, ಕನ್ನಡ ಎರಡೂ ಬಲ್ಲ ಇನ್ನಿಬ್ಬರು ಜತೆಗೆ ಬೇಕು. ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿ.